ಎದುರಿಗೆ ಸ್ಟೇರಿಂಗ್ ಇಲ್ಲದ ಸೀಟು

ಅಕ್ಟೋಬರ್ 6, 2025. ಸೋಮವಾರ

ನಲ್ಲಿ ನೀರು ಬೆಳಕು ಹರಿಯುವ ಮೊದಲೇ ಬಂತು. ಸಂಪು ತುಂಬಿತು. ಪೂಜೆ, ರೊಟ್ಟಿ, ಆಮೇಲೆ ಅಂಗಡಿ. ಮಳೆ ಇನ್ನೂ ಹೋಗಿಲ್ಲ, ಪಂಪ್‌ಸೆಟ್ ಕೇಳುವವರಿಲ್ಲ. ಒಂದು ಸ್ಟಾರ್ಟರ್, ಒಂದಿಷ್ಟು ಪೈಪು — ಅಷ್ಟೇ ವ್ಯಾಪಾರ.

ಮಧ್ಯಾಹ್ನ ಪಂಪ್ ಕಂಪನಿಯ ಮ್ಯಾನೇಜರ್ ಬಂದ. ಕೈಯಲ್ಲಿ ಪೇಡೆ ಡಬ್ಬಿ. “ಕೊಟ್ಟೂರೇಶಣ್ಣ, ನಿಮ್ ವೀಸಾ ಬಂತು. ಮೆಕ್ಸಿಕೋ! ನೀವು, ಆಶಕ್ಕ, ಇಬ್ರೂ. ಸಮುದ್ರದ ಮುಂದೇ ಹೋಟ್ಲು.” ಹೋದ ವರ್ಷದ ಡೀಲರ್ ಸ್ಕೀಮ್, ಹೆಚ್ಚು ಪಂಪ್ ಮಾರಿದವರಿಗೆ ಪ್ರವಾಸ. ಉಳಿದವರೆಲ್ಲ ಆಗಸ್ಟ್‌ನಲ್ಲೇ ಗುಂಪಾಗಿ ಹೋಗಿಬಂದರು. ನಮ್ಮ ಯಜಮಾನರ ಪಾಸ್‌ಪೋರ್ಟ್ ಹಳತಾಗಿತ್ತು, ಹೊಸದು ಬರುವಷ್ಟರಲ್ಲಿ ತಂಡ ಹೊರಟಿತ್ತು. ಈಗ ನಾವಿಬ್ಬರೇ. ನವೆಂಬರ್ ಕೊನೆಗೆ.

ಟಿಕೆಟ್ ಕಂಪನಿಯದು. ಹೋಟೆಲ್ ಕಂಪನಿಯದು. ಕೆಳಗೆ ಸಣ್ಣಕ್ಷರದಲ್ಲಿ — ಏರ್‌ಪೋರ್ಟ್ ಟ್ರಾನ್ಸ್‌ಫರ್ ಸೇರಿಲ್ಲ.

“ಹಂಗಂದ್ರೆ?” ಅಂದರು ಇವರು.

“ಏರ್‌ಪೋರ್ಟಿಂದ ಹೋಟ್ಲಿಗೆ ಗಾಡಿ ನೀವೇ ಮಾಡ್ಕಬೇಕಣ್ಣ. ಒಂದು ತಾಸಿನ ದಾರಿ ಅಷ್ಟೇ.”

ಇವರ ಬಾಯಲ್ಲಿ ಪೇಡೆ ಇತ್ತು. ಅಗಿಯುವುದು ನಿಂತಿತು. ನಾನು ಮಾತ್ರ ನೋಡಿದೆ.

ಅಕ್ಟೋಬರ್ 7

ಹೊರಗಿನವರಿಗೆ ಗೊತ್ತಿಲ್ಲ. ಗೊತ್ತಾಗಲು ಇವರು ಬಿಟ್ಟಿಲ್ಲ. ಏಳು ವರ್ಷದ ಹಿಂದೆ ಹುಬ್ಬಳ್ಳಿಯ ಮದುವೆ ಮುಗಿಸಿ ಬರುವಾಗ ರಾಣೆಬೆನ್ನೂರು ದಾಟಿದ ಮೇಲೆ ಡ್ರೈವರ್ ತೂಕಡಿಸಿದ. ಕೆಟ್ಟು ನಿಂತಿದ್ದ ಲಾರಿಗೆ ನಮ್ಮ ಕಾರು. ಮುಂದಿನ ಸೀಟಿನಲ್ಲಿ ಇವರು. ತೊಡೆಯಲ್ಲಿ ರಾಡು ಇವತ್ತಿಗೂ ಇದೆ. ಹಿಂದೆ ಕೂತಿದ್ದ ನನಗೆ ಹಣೆಯ ಮೇಲೊಂದು ಗೆರೆ. ಜೀವ ಹೋಗಲಿಲ್ಲ ಯಾರದ್ದೂ.

ಆಮೇಲೆ ಇವರು ಬೇರೆಯವರು ಓಡಿಸುವ ಗಾಡಿ ಹತ್ತಿಲ್ಲ. ಆಟೋ ಕೂಡ ಇಲ್ಲ. ರೈಲಾಗುತ್ತದೆ. ಕಾರಾದರೆ ಸ್ಟೇರಿಂಗ್ ಇವರ ಕೈಯಲ್ಲೇ. ನೆಂಟರು “ಕೊಟ್ಟೂರೇಶಂಗೆ ಡ್ರೈವಿಂಗ್ ಹುಚ್ಚು” ಅನ್ನುತ್ತಾರೆ. ಅನ್ನಲಿ.

ವಿಮಾನದ ಬಗ್ಗೆ ಕೇಳಿದೆ. “ವಿಮಾನಕ್ಕೆ ಎದುರಿಗೆ ಲಾರಿ ಬರಲ್ಲ ಬಿಡು” ಅಂದರು. ಮತ್ತೆ ಅಲ್ಲಿಂದ ಹೋಟೆಲ್‌ಗೆ?

“ಬಾಡಿಗಿ ಕಾರು ತಗಂತೀನಿ. ನಾನೇ ಓಡಿಸ್ತೀನಿ. ಆರ್‌ಟಿಓದಾಗ ಇಂಟರ್‌ನ್ಯಾಷನಲ್ ಪರ್ಮಿಟ್ ಕೊಡ್ತಾರೆ.”

ಸಂಜೆ ಮಗಳು ಐಶ್ವರ್ಯ ಮೈಸೂರಿನ ಹಾಸ್ಟೆಲ್‌ನಿಂದ ಫೋನ್ ಮಾಡಿದಾಗ ಹೇಳಿದೆ. ಅವಳು, “ಅಪ್ಪಾಜಿ, ಅಲ್ಲಿ ರೋಡಿನ ಬಲಗಡೆ ಓಡಿಸ್ಬೇಕು. ಸ್ಟೇರಿಂಗ್ ಎಡಗಡೆ. ಸುಮ್ನೆ ಪ್ರೈವೇಟ್ ಟ್ರಾನ್ಸ್‌ಫರ್ ಬುಕ್ ಮಾಡ್ರಿ.”

“ನೋಡನ” ಅಂದರು. ಇವರ ‘ನೋಡನ’ ಅಂದರೆ ಇಲ್ಲ ಅಂತ.

ಅಕ್ಟೋಬರ್ 12. ಭಾನುವಾರ

ಬೆಳಿಗ್ಗೆ ಕಾಫಿ ಕುಡಿದವರೇ, “ಬಾ, ಗೋಡೌನ್ ಕಡೆ ಹೋಗಿ ಬರನ.” ಭಾನುವಾರ ಗೋಡೌನ್‌ನಲ್ಲೇನಿದೆ? ಹೋದ ಮೇಲೆ ಗೊತ್ತಾಯಿತು.

ಕರೂರು ಇಂಡಸ್ಟ್ರಿಯಲ್ ಏರಿಯಾ ಖಾಲಿ. ಫ್ಯಾಕ್ಟರಿ ಗೇಟುಗಳೆಲ್ಲ ಮುಚ್ಚಿದ್ದವು. ಇವರು ಕಾರನ್ನು ರಸ್ತೆಯ ಬಲಗಡೆಗೆ ತಂದರು. ಹಾಗೇ ಹೊರಟರು.

“ರೀ!”

“ಪ್ರಾಕ್ಟೀಸ್, ಸುಮ್ನಿರು.”

ನೇರ ದಾರಿ ಸರಿಯಾಗೇ ಹೋಯಿತು. ಖುಷಿಯಾದರು. “ಏನೂ ಇಲ್ಲ ಇದ್ರಾಗೆ, ಕನ್ನಡಿ ನೋಡ್ದಂಗೆ” ಅಂದರು. ಎರಡನೇ ಸುತ್ತು. ತಿರುವಿನಲ್ಲಿ ಮೆಕ್ಕೆಜೋಳ ತುಂಬಿದ ಲಾರಿ. ಇವರು ಒಂದು ಕ್ಷಣ ಎಡಕ್ಕೆಳೆದರು, ಮತ್ತೆ ಬಲಕ್ಕೆ, ಮತ್ತೆ ಎಡಕ್ಕೆ... ಲಾರಿಯವನು ಬ್ರೇಕ್ ಹಾಕಿ ನಿಂತುಬಿಟ್ಟ. ಕಿಟಕಿಯಿಂದ ತಲೆ ಹೊರಹಾಕಿ, “ಯಜಮಾನ್ರೇ, ಯಾವ್ ಕಡೆ ಹೋಗೋರು ಮೊದ್ಲು ಡಿಸೈಡ್ ಮಾಡ್ರಿ!”

ಪಕ್ಕದ ಫ್ಯಾಕ್ಟರಿಯ ವಾಚ್‌ಮನ್ ಕೆಂಚವೀರಪ್ಪ ಓಡಿ ಬಂದ. “ಯಾಕ್ರಿ ಸಾವ್ಕಾರ್ರೆ, ಬಿಪಿ ಏನಾರ ಏರು ಪೇರಾತೇನು? ಇಳೀರಿ, ನೀರು ಕುಡೀರಿ.”

ಬಿಪಿ ಅಂತಲೇ ಒಪ್ಪಿಕೊಂಡರು. ನನಗೆ ನಗು ಬರುತ್ತಿತ್ತು, ಅಳುವೂ. ಇವರ ಅಂಗೈ ಬೆವರಿ ಸ್ಟೇರಿಂಗ್ ಒದ್ದೆಯಾಗಿತ್ತು.

ಅದೇ ದಿನ, ಸಂಜೆ

ಮಂಡಕ್ಕಿ ಕಲಸಿ ಕೊಟ್ಟೆ. ಮೆಣಸಿನಕಾಯಿ ಬಜ್ಜಿ ಮುಟ್ಟಲಿಲ್ಲ. ಆಮೇಲೆ ತಾವಾಗಿಯೇ — “ಅದೇನೋ ಬುಕ್ ಮಾಡ್ಬೇಕು ಅಂದ್ಲಲ್ಲ ಐಶು. ಮಾಡು.”

ಅವಳು ಫೋನಿನಲ್ಲಿ, ನಾನು ಲ್ಯಾಪ್‌ಟಾಪ್ ಮುಂದೆ. ಪ್ರೈವೇಟಾ, ಶೇರಿಂಗಾ? ಪ್ರೈವೇಟ್. ಹೋಗಿ ಬರುವುದು ಎರಡೂ. ಫ್ಲೈಟ್ ನಂಬರ್ ಹಾಕಿದರೆ ವಿಮಾನ ತಡವಾದರೂ ಕಾಯುತ್ತಾರಂತೆ. ಮಕ್ಕಳ ಸೀಟು ಬೇಕೇ ಅಂತ ಬೇರೆ ಕೇಳಿತು. “ಅಪ್ಪಾಜಿಗೆ ಒಂದು ಹಾಕ್ಸು” ಅಂದಳು ಐಶು. ಇವರು ನಗಲಿಲ್ಲ.

ಕೊನೆಗೊಂದು ಖಾಲಿ ಜಾಗ. ಡ್ರೈವರ್‌ಗೆ ಏನಾದರೂ ಹೇಳುವುದಿದ್ದರೆ ಬರೆಯಿರಿ ಅಂತ. “ಏನಿಲ್ಲ ಬಿಡು” ಅಂದೆ.

“ಬರಿ” ಅಂದರು ಇವರು. “ನಿಧಾನ ಓಡಿಸ್ರಿ ಅಂತ ಬರಿ.” ಬಜ್ಜಿ ತಟ್ಟೆ ಆಚೆ ಸರಿಸಿದರು. “ಮುಂಚೆ ಆಕ್ಸಿಡೆಂಟ್ ಆಗೈತೆ... ಹೆದರಿಕಿ ಐತೆ ಅಂತ ಬರಿ.”

ಏಳು ವರ್ಷದಲ್ಲಿ ಈ ಮಾತನ್ನು ಇವರ ಬಾಯಿಂದ ಕೇಳಿದ್ದು ಇದೇ ಮೊದಲು. ನನ್ನ ಹತ್ತಿರವೂ ಆಡಿರಲಿಲ್ಲ. ಬರೆದೆ. ಸ್ಪೆಲ್ಲಿಂಗ್ ತಪ್ಪಿತು, ತಿದ್ದಿದೆ.

ಆಮೇಲೆ ಬಜ್ಜಿ ತಿಂದರು. ಆರಿ ಮೆತ್ತಗಾಗಿತ್ತು.

ಅಕ್ಟೋಬರ್ 22. ಬಲಿಪಾಡ್ಯ

ಹಬ್ಬಕ್ಕೆ ಹರಿಹರಕ್ಕೆ, ತವರಿಗೆ. ಅವ್ವ ನಿನ್ನೆಯಿಂದ ಹೋಳಿಗೆ ಅಂತ ಫೋನ್ ಮೇಲೆ ಫೋನ್. ಇವರೇ ಒಂದು ಏರ್ಪಾಡು ಮಾಡಿದ್ದರು. ಹರಿಹರ ಸ್ಟೇಷನ್ ಹತ್ತಿರ ಟ್ಯಾಕ್ಸಿ ಓಡಿಸುವ ಖಾಜಾ ಹುಸೇನ್ — ಅಪ್ಪ ಇದ್ದ ಕಾಲದಿಂದ ನಮ್ಮ ಮನೆಗೆ ಗೊತ್ತು — ಅವನನ್ನು ಬಸ್ಸಿನಲ್ಲಿ ದಾವಣಗೆರೆಗೆ ಕರೆಸಿದ್ದರು. ನಮ್ಮ ಕಾರು, ಅವನ ಡ್ರೈವಿಂಗು. ಮೆಕ್ಸಿಕೋಗೆ ಮೊದಲು ಅಭ್ಯಾಸ.

“ಫಿಕರ್ ಮಾಡಬ್ಯಾಡ್ರಿ ಅಣ್ಣಾರೆ. ಎತ್ತಿನ ಗಾಡಿ ಹೋದಂಗೆ ಹೋಗನ.”

ಇವರು ಮುಂದೆ, ನಾನು ಹಿಂದೆ. ನಿಜಕ್ಕೂ ಎತ್ತಿನ ಗಾಡಿಯ ಹಾಗೇ. ಸೈಕಲ್ಲಿನವರು ನಮ್ಮನ್ನು ದಾಟಿ ಹೋದರು. ಆದರೂ ಇವರ ಕಾಲು ಸುಮ್ಮನಿಲ್ಲ, ಒಂದೇ ಸಮ ಬ್ರೇಕ್ ತುಳಿಯುವ ಹಾಗೆ. ದೊಡ್ಡಬಾತಿ ಬರುವಷ್ಟರಲ್ಲಿ ಮುಖ ಬಿಳುಚಿತ್ತು. ಹಿಂದೆ ಒಂದು ಲಾರಿ ಹಾರನ್ ಹೊಡೆದದ್ದೇ ನೆಪ — “ನಿಲ್ಸು. ನಿಲ್ಸು ಖಾಜಾ.”

ಇಳಿದರು. ಗುಡ್ಡದ ಕಡೆ ಮುಖ ಮಾಡಿ ನಿಂತರು. ನಾನು ಪಕ್ಕ ಹೋಗಿ ನಿಂತೆ. “ಆಗಲ್ಲ ಆಶಾ.”

“ಬ್ಯಾಡ ಬಿಡ್ರಿ. ಹೋಗೋದೇ ಬ್ಯಾಡ. ಸಮುದ್ರ ಕಾರವಾರದಾಗೂ ಐತೆ.”

ನಿಜ ಹೇಳಬೇಕೆಂದರೆ ಇಬ್ಬರೇ ಎಲ್ಲಿಗೂ ಹೋಗಿಲ್ಲ ನಾವು. ಅಂಗಡಿ, ಮಗು, ಅತ್ತೆಯ ಕಾಯಿಲೆ, ಆಮೇಲೆ ಈ ಕಾಲು. ಒಂದು ವಾರ ಯಾರಿಗೂ ಅಡಿಗೆ ಮಾಡದೆ ನೀರು ನೋಡುತ್ತ ಕೂರಬೇಕು ಅಂತ ಎಷ್ಟು ಆಸೆ ಇಟ್ಟುಕೊಂಡಿದ್ದೆ ಅಂತ ಅಲ್ಲಿ ನಿಂತಾಗಲೇ ನನಗೂ ಗೊತ್ತಾದದ್ದು.

ಅಲ್ಲಿಂದ ಇವರೇ ಓಡಿಸಿದರು. ಖಾಜಾ ಪಕ್ಕದ ಸೀಟಿಗೆ. ಒಂದು ಮೈಲಿ ಹೋಗಿಲ್ಲ, ಅವನು ಮೇಲಿನ ಹಿಡಿ ಗಟ್ಟಿಯಾಗಿ ಹಿಡಿದುಕೊಂಡ. “ಏನೋ ಖಾಜಾ?”

“ಅಣ್ಣಾರೆ, ನಾನು ಈ ಸೀಟ್ನಾಗೆ ಕುಂತಿದ್ದೇ ಕಮ್ಮಿ. ನಂಗೂ ಡರ್ ಆಗ್ತೈತೆ. ಸ್ವಲ್ಪ ನಿಧಾನ...”

ಇವರು ತಿರುಗಿ ನೋಡಿದರು. ಮೊದಲು ನಕ್ಕದ್ದು ಇವರೇ. ಆಮೇಲೆ ಮೂವರೂ. ಹೊಳೆ ಕಾಣುವವರೆಗೂ ನಗು.

ಹೋಳಿಗೆ ಚೆನ್ನಾಗಿತ್ತು. ಖಾಜಾನಿಗೂ ಬಡಿಸಿದಳು ಅವ್ವ.

ನವೆಂಬರ್ 2

ಇವರೇ ಖಾಜಾನನ್ನು ಮತ್ತೆ ಕರೆಸಿದರು. ಇವತ್ತು ಹರಿಹರದ ತನಕ ಹೋದೆವು. ಇಳಿಯದೆ. ದೊಡ್ಡಬಾತಿಯಲ್ಲಿ ಇವರು ಕಣ್ಣು ಮುಚ್ಚಿದರು. ಖಾಜಾ ತನ್ನ ಮಗಳ ನಿಕಾಹ್‌ನ ಬಿರಿಯಾನಿ ಕೆಟ್ಟ ಕಥೆ ಹೇಳುತ್ತಲೇ ಇದ್ದ, ಬೇಕಂತಲೇ. ಕಣ್ಣು ಬಿಟ್ಟು, “ಆಮೇಲೇನಾತು?” ಅಂದರು. ಆಗ ಹರಿಹರದ ಬಸ್‌ಸ್ಟ್ಯಾಂಡ್ ಬಂದಿತ್ತು.

ನವೆಂಬರ್ 9

ಖಾಜಾನ ಜೊತೆ ಕುಕ್ಕುವಾಡದ ತನಕ, ಗಿರಾಕಿಯೊಬ್ಬರ ಮೋಟಾರು ನೋಡಲು. ಅರ್ಧ ರಸ್ತೆಯಲ್ಲಿ ಮೆಕ್ಕೆಜೋಳ ಒಣಗಿಸಿದ್ದರು. ಇವರ ಕಾಲು ಇವತ್ತು ಕಡಿಮೆ ಒತ್ತಿತು. ನೋಡಿದ್ದೇನೆ ಅಂತ ಇವರಿಗೆ ಗೊತ್ತಿಲ್ಲ.

ನವೆಂಬರ್ 23. ಬೆಂಗಳೂರು ಏರ್‌ಪೋರ್ಟ್

ಶಿರಾ ತನಕ ಇವರು ಓಡಿಸಿದರು. ಟೀ ಕುಡಿದು, ಕೇಳದೇ, ಕೀಲಿ ಖಾಜಾನ ಕೈಗಿಟ್ಟರು. ಅಲ್ಲಿಂದ ಅವನೇ. ಕಾರನ್ನು ವಾಪಸ್ ಹೊಡೆದುಕೊಂಡು ಹೋಗುವವನೂ ಅವನೇ.

ಗೇಟಿನಲ್ಲಿ ಕೈ ಮುಗಿದ. “ಆ ಕಡೆ ಡ್ರೈವರ್‌ಗೆ ನನ್ ಸಲಾಂ ಹೇಳ್ರಿ ಅಕ್ಕಾರೆ.”

ಅವ್ವ ಕಟ್ಟಿದ ಶೇಂಗಾ ಚಟ್ನಿಪುಡಿಗೆ ಸೆಕ್ಯುರಿಟಿಯವರದ್ದು ತಕರಾರಿಲ್ಲ. ಒಂದು ಗೆಲುವು.

ನವೆಂಬರ್ 25. ಮೆಕ್ಸಿಕೋ. ಹೋಟೆಲ್ ಕೋಣೆ

ಯಾವ ದಿನ ಅಂತಲೇ ತಿಳಿಯುತ್ತಿಲ್ಲ. ಬರೆಯದಿದ್ದರೆ ಮರೆತುಹೋದೀತು.

ಕ್ಯಾನ್‌ಕೂನ್ ಏರ್‌ಪೋರ್ಟಿನಿಂದ ಹೊರಗೆ ಬಂದರೆ ಬೋರ್ಡ್ ಹಿಡಿದವರ ಜಾತ್ರೆ. ಟ್ಯಾಕ್ಸಿ ಟ್ಯಾಕ್ಸಿ ಅಂತ ಹಿಂದೆ ಬೀಳುವವರು ಬೇರೆ. ವಿಮಾನ ತಡವಾಗಿತ್ತು. ಯಾರೂ ಇಲ್ಲದಿದ್ದರೆ? ಎರಡು ಸಲ ಆ ಸಾಲು ನಡೆದೆವು. ಇವರು “ನಡಿ, ಬಾಡಿಗಿ ಕಾರಿನ ಆಫೀಸ್ ಅಲ್ಲೈತೆ” ಅಂದರು. ಆಗ ಕಂಡಿತು, ಕಂಬದ ಹಿಂದೆ. ಇಂಗ್ಲಿಷಿನಲ್ಲಿ ‘ಕೊಟುರೆಸ್’.

ಹಿಡಿದಿದ್ದವಳು ಹೆಂಗಸು. ನನಗಿಂತ ದೊಡ್ಡವಳೇ ಇರಬೇಕು. ನರೆಗೂದಲು, ದಪ್ಪ ಜಡೆ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಮರಿಸೆಲಾ ಅಂತ ಹೆಸರು.

“ಡ್ರೈವರ್ ಎಲ್ಲಿ ಕೇಳು” ಅಂದರು ಇವರು.

“ಇವ್ರೇ ಕಣ್ರಿ.”

ಇವರು ಬ್ಯಾಗ್ ಇಟ್ಟವರೇ ಅಭ್ಯಾಸದ ಮೇಲೆ ಮುಂದಿನ ಬಲಗಡೆ ಬಾಗಿಲು ತೆಗೆದು ಕೂತರು. ಕೂತು, ಕೈ ಮುಂದೆ ಚಾಚಿದರು. ಹಿಡಿಯಲು ಏನೂ ಇಲ್ಲ. ಸ್ಟೇರಿಂಗ್ ಆ ಕಡೆ. ದಿನಾ ಕೂರುವ ಜಾಗವೇ, ಆದರೆ ಎದುರಿಗೆ ಬರೀ ಗಾಜು. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟುಕೊಂಡರು.

ಮರಿಸೆಲಾ ಗಾಡಿ ಶುರು ಮಾಡಲಿಲ್ಲ. ಫೋನ್ ತೆಗೆದು ಅವಳ ಭಾಷೆಯಲ್ಲಿ ಏನೋ ಹೇಳಿದಳು. ಫೋನ್ ಇಂಗ್ಲಿಷಿನಲ್ಲಿ ಓದಿತು, ನಾನು ಕನ್ನಡದಲ್ಲಿ ಹೇಳಿದೆ — “ನೀವು ಬರ್ದಿದ್ದು ಓದೀನಿ ಅಂತಾರೆ. ಅವಸರ ಇಲ್ವಂತೆ. ನಿಲ್ಸು ಅಂದ್ರೆ ನಿಲ್ಸ್ತಾರಂತೆ. ಎಷ್ಟು ಸಲ ಬೇಕಾದ್ರೂ.”

ಇವರು ತಲೆ ಆಡಿಸಿದರು. “ಥ್ಯಾಂಕ್ಸ್ ಹೇಳು. ಹೋಗನ ಅನ್ನು.”

ಅಗಲ ರಸ್ತೆ, ಎರಡೂ ಕಡೆ ಕುರುಚಲು ಕಾಡು. ಇವರ ಬಲಗಾಲು ಶುರುವಾಯಿತು. ಕಾಲು ಒತ್ತಿದಾಗೆಲ್ಲ ಅವಳು ವೇಗ ಇಳಿಸುತ್ತಿದ್ದಳು. ಮೊದಲು ಇವರಿಗೆ ತಿಳಿಯಲಿಲ್ಲ. ಆಮೇಲೆ ಬೇಕಂತಲೇ ಒಮ್ಮೆ ಒತ್ತಿ ನೋಡಿದರು. ಗಾಡಿ ನಿಧಾನವಾಯಿತು. ಅವಳತ್ತ ನೋಡಿದರು. ಅವಳು ರಸ್ತೆ ನೋಡುತ್ತಲೇ ನಕ್ಕಳು.

ಒಂದು ಸಲ ಮಾತ್ರ ನಿಲ್ಲಿಸಿದೆವು, ಪೆಟ್ರೋಲ್ ಬಂಕಿನಲ್ಲಿ. ಹೆದರಿಕೆಗಲ್ಲ. ಬಾತ್‌ರೂಮಿಗೆ.

ಊರೊಳಗೆ ಬಂದ ಮೇಲೆ ಒಂದಾದ ಮೇಲೊಂದು ಹಂಪ್. “ಆಶಾ, ನೋಡಿಲ್ಲಿ, ನಮ್ ಪಿ.ಬಿ. ರೋಡ್ ಇಲ್ಲಿ ತನಕ ಬಂದೈತೆ!” ಅಂದರು. ಆ ಗಟ್ಟಿ ದನಿ ಕೇಳಿ ಎಷ್ಟು ಕಾಲವಾಗಿತ್ತು.

ನವೆಂಬರ್ 27

ಸಮುದ್ರ. ಏನು ಬರೆಯಲಿ. ನೀಲಿ ಅಂದರೆ ಸಾಲದು, ಹಸಿರು ಅಂದರೆ ಸುಳ್ಳು.

ಸೀರೆ ಮಂಡಿಯ ತನಕ ಎತ್ತಿ ಕಟ್ಟಿ ನೀರಿಗಿಳಿದೆ. ಯಾರೂ ನೋಡಲಿಲ್ಲ. ನೋಡಿದರೂ ಏನು. ಇವರು ತೊಡೆಯ ಗಾಯದ ಗುರುತು ಕಾಣುವ ಹಾಗೆ ಚಡ್ಡಿ ಹಾಕಿಕೊಂಡು ಕುರ್ಚಿಯಲ್ಲಿ. ಮನೆಯಲ್ಲೂ ಲುಂಗಿ ಸರಿಸದ ಮನುಷ್ಯ.

ಊಟದ್ದು ಪಡಿಪಾಟಲು. ಮಾಂಸ ಇಲ್ಲದ್ದು ಅಂದರೆ ಬೀನ್ಸ್, ಅನ್ನ, ಮೆಕ್ಕೆಜೋಳದ ತೆಳ್ಳನೆ ರೊಟ್ಟಿ. “ನಮ್ ಕಡೆ ಇಷ್ಟು ಬೆಳಿತೀವಿ, ಕೋಳಿ ಫೀಡಿಗೆ ಕಳಿಸ್ತೀವಿ. ಇವ್ರು ನೋಡು, ಎಷ್ಟು ಮೆತ್ತಗೆ ಮಾಡ್ಯಾರೆ” — ಅವ್ವನ ಚಟ್ನಿಪುಡಿ ಹಚ್ಚಿ ಆರು ತಿಂದರು. ಅಡಿಗೆಯವಳಿಗೂ ಒಂದು ಚಿಟಿಕೆ ರುಚಿ ತೋರಿಸಿದೆ. ಕಣ್ಣಲ್ಲಿ ನೀರು, ಆದರೂ ಇನ್ನೊಂದು ಚಿಟಿಕೆ ಕೇಳಿದಳು.

ಸಂಜೆ ಇಬ್ಬರೂ ಮರಳಲ್ಲಿ ಕೂತೆವು. ಇವರು — “ಅವತ್ತು ಹಿಂದಿನ ಸೀಟ್ನಾಗೆ ನಿಂಗೂ ಹೆದರಿಕಿ ಆಗಿತ್ತಲ್ಲ. ಒಂದಿನಾನೂ ಕೇಳಲಿಲ್ಲ ನಾನು.”

“ಆಗಿತ್ತು” ಅಂದೆ.

ನನ್ನ ಹಣೆಯ ಗೆರೆಯ ಮೇಲೆ ಬೆರಳಿಟ್ಟರು. ಬೆರಳಿಗೆ ಮರಳು ಅಂಟಿತ್ತು, ಚುಚ್ಚಿತು. ತೆಗೆಯಿರಿ ಅನ್ನಲಿಲ್ಲ.

ನವೆಂಬರ್ 29. ಬೆಳಿಗ್ಗೆ, ಕಾರಿನಲ್ಲಿ

ವಾಪಸ್. ಅಕ್ಷರ ಕುಣಿಯುತ್ತಿವೆ, ಹಂಪ್ ಕಾರಣ. ಮರಿಸೆಲಾನೇ ಬಂದಿದ್ದಾಳೆ. ಖಾಜಾನ ಸಲಾಂ ಹೇಳಿದೆ. ಅವನೂ ಡ್ರೈವರ್ ಅಂದಾಗ ಎದೆ ಮುಟ್ಟಿಕೊಂಡಳು.

ಇವರು ಇವತ್ತು ಮುಂದೆ ಕೂರಲಿಲ್ಲ. “ನಿನ್ ಪಕ್ಕ ಕೂಡ್ತೀನಿ, ಸರಿ” ಅಂದರು. ರಸ್ತೆ ನೋಡಲಿಲ್ಲ, ಕಾಡು ನೋಡಿದರು. ಐಶುಗೆ ಏನೂ ತೆಗೆದುಕೊಳ್ಳಲಿಲ್ಲವಲ್ಲ ಅಂತ ಪೇಚಾಡಿದರು. ಹೆದ್ದಾರಿಗೆ ಬಂದ ಮೇಲೆ ಮಾತು ನಿಧಾನವಾಯಿತು. ಒಂದು ಮಾತು ಅರ್ಧಕ್ಕೇ ಬಿಟ್ಟರು. ಏನು ಅಂತ ತಿರುಗಿದರೆ —

ನಿದ್ದೆ. ಬಾಯಿ ಸ್ವಲ್ಪ ತೆರೆದಿದೆ. ಸಣ್ಣ ಗೊರಕೆ. ಮರಿಸೆಲಾ ಕನ್ನಡಿಯಲ್ಲಿ ನೋಡಿ ರೇಡಿಯೋ ಆರಿಸಿದಳು.

ತಲೆ ವಾಲುತ್ತಾ ವಾಲುತ್ತಾ ಈಗ ನನ್ನ ಬಲಭುಜದ ಮೇಲೆ ಬಂತು. ಬರೆಯುವ ಕೈ ಅಲ್ಲಾಡಿದರೆ ಎಚ್ಚರವಾದೀತು. ಇಲ್ಲಿಗೇ ನಿ