ಅಳಿಯಂದಿರೇ, ಈಗಲೇ ಬರಬೇಡಿ

ಥರ್ಸ್‌ಡೇ ದ್ವೀಪ
ಶುಕ್ರವಾರ, 14 ಆಗಸ್ಟ್ 2009, ಬೆಳಗಿನ ಹತ್ತು ಗಂಟೆ

ಪ್ರೀತಿಯ ಅಳಿಯಂದಿರಿಗೆ ಮಾವ ನಾಹುಮ್ ಮಾಡುವ ಆಶೀರ್ವಾದಗಳು.

ನಿಮ್ಮ ಬೆನ್ನುನೋವು ಹೇಗಿದೆ? ಗಣಿಯ ಲಾರಿಯಲ್ಲಿ ದಿನಕ್ಕೆ ಹನ್ನೆರಡು ಗಂಟೆ ಕುಳಿತರೆ ಯಾರ ಸೊಂಟವಾದರೂ ಹಿಡಿದುಕೊಳ್ಳುತ್ತದೆ. ತೆಂಗಿನೆಣ್ಣೆ ಬೆಚ್ಚಗೆ ಮಾಡಿ ಲೋವಿಸಾಳಿಂದ ತಿಕ್ಕಿಸಿಕೊಳ್ಳಿ. ನನ್ನ ಮಗಳ ಕೈ ಅವಳ ತಾಯಿಯ ಕೈಯ ಹಾಗೆ ಬಲು ಭಾರ, ನೀವು ಕೂಗಿಕೊಂಡರೂ ಬಿಡುವವಳಲ್ಲ, ಆದರೆ ನೋವು ನಿಲ್ಲುತ್ತದೆ. ಮೊಮ್ಮಕ್ಕಳು ವೈಪಾದ ಶಾಲೆಗೆ ಹೊಂದಿಕೊಂಡರೇ? ಚಿಕ್ಕವಳ ಕೆಮ್ಮು ಕಡಿಮೆಯಾಯಿತೇ? ಇಲ್ಲಿ ನಿಮ್ಮ ಅತ್ತೆ ಸೆಪಿಯ ಸಕ್ಕರೆ ಕಾಯಿಲೆ ಹತೋಟಿಯಲ್ಲಿದೆ, ಬಾಯಿ ಮಾತ್ರ ಹತೋಟಿಗೆ ಬಂದಿಲ್ಲ. ನನ್ನ ಮಂಡಿ ಪರವಾಗಿಲ್ಲ. ಕಿವಿಯ ವಿಷಯ ನಿಮಗೆ ಗೊತ್ತೇ ಇದೆ. ಮುತ್ತಿನ ಚಿಪ್ಪಿಗಾಗಿ ಹತ್ತು ವರ್ಷ ಕಡಲ ತಳದಲ್ಲಿ ಓಡಾಡಿದವನ ಕಿವಿಯಲ್ಲಿ ಏನು ಉಳಿದೀತು? ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿಗೆ ಬಾಯಿ ಇಟ್ಟು ಕಿರುಚಬೇಕು. ಹಾಗಾಗಿ ನನ್ನದು ಯಾವಾಗಲೂ ಕಾಗದವೇ, ಫೋನು ಸೆಪಿಯ ಪಾಲಿಗೆ.

ವಿಷಯ ನಿಮಗೆ ಆಗಲೇ ಮುಟ್ಟಿರಬಹುದು. ಮಗ ಎನೋಸಾ ಇನ್ನೂ ಮನೆಗೆ ಬಂದಿಲ್ಲ. ಮಂಗಳವಾರ ಬೆಳಕು ಹರಿಯುವ ಮೊದಲೇ ಅವನೂ ಅವನ ಹೆಂಡತಿ ವಾಸಿಯ ಅಣ್ಣ ಜೆರೆಮಾಯನೂ ಲಾಬ್‌ಸ್ಟರ್ ಹಿಡಿಯಲು ಡಿಂಗಿ ದೋಣಿಯಲ್ಲಿ ಹೋದರು. ಬಂಡೆಸಾಲಿನ ಹತ್ತಿರ ಒಂದು ರಾತ್ರಿ ತಂಗಿ ಬುಧವಾರ ಸಂಜೆಗೆ ವಾಪಸು ಬರಬೇಕಿತ್ತು. ಬುಧವಾರ ಮಧ್ಯಾಹ್ನ ಆಗ್ನೇಯದ ಗಾಳಿ ಎದ್ದಿತು. ನೀವು ಹುಟ್ಟಿ ಬೆಳೆದ ಗಾಳಿಯೇ ಅದು, ಆದರೆ ಈ ಸಲ ನಮ್ಮ ಕೋಳಿಗೂಡಿನ ತಗಡನ್ನು ಕಿತ್ತು ಪಕ್ಕದವರ ಅಂಗಳಕ್ಕೆ ಒಗೆಯಿತು. ಇವತ್ತು ಶುಕ್ರವಾರ. ಪೊಲೀಸರ ದೋಣಿ, ಹಾರ್ನ್ ದ್ವೀಪದ ಹೆಲಿಕಾಪ್ಟರ್, ಊರಿನ ಇಪ್ಪತ್ತು ಡಿಂಗಿಗಳು ಹುಡುಕುತ್ತಿವೆ. ಊರಿಗೆಲ್ಲ ಇರುವ ಧೈರ್ಯ ಒಂದೇ, ಬೀಕನ್ ಕೂಗಿಲ್ಲ ಎನ್ನುವುದು. ನಿಜವಾಗಿ ಆಪತ್ತಾಗಿದ್ದರೆ ಹುಡುಗರು ಆ ಹಳದಿ ಪೆಟ್ಟಿಗೆಯ ಗುಂಡಿ ಒತ್ತುತ್ತಿದ್ದರು, ಮೇಲಿನ ಉಪಗ್ರಹ ಅದನ್ನು ಕೇಳಿಸಿಕೊಂಡು ಜಾಗ ಹೇಳುತ್ತಿತ್ತು, ಒತ್ತಿಲ್ಲ ಎಂದರೆ ಎಲ್ಲೋ ಒಂದು ದ್ವೀಪದ ಮರೆಯಲ್ಲಿ ಮೋಟಾರು ಕೆಟ್ಟು ಕುಳಿತು ಮೀನು ಸುಟ್ಟು ತಿನ್ನುತ್ತಿದ್ದಾರೆ, ಎಂದು ಎಲ್ಲರ ಲೆಕ್ಕಾಚಾರ. ಆದ್ದರಿಂದ ಹುಡುಕಾಟವೂ ದ್ವೀಪಗಳ ಮರೆಯಲ್ಲೇ ನಡೆದಿದೆ. ನನಗೆ ಮಾತ್ರ ಭಯವಾಗುತ್ತಿದೆ. ಎಪ್ಪತ್ತನಾಲ್ಕು ವರ್ಷದಲ್ಲಿ ಹೀಗೆ ಹೆದರಿದ್ದಿಲ್ಲ. ನೀರಿನಡಿಯಲ್ಲಿ ನನ್ನ ಗಾಳಿಕೊಳವೆ ಹವಳಕ್ಕೆ ಸಿಕ್ಕಿಕೊಂಡ ದಿನವೂ ಹೆದರಿದ್ದು ಒಂದು ಗಳಿಗೆ, ಆಮೇಲೆ ಕೈ ತಾನಾಗಿ ಕೆಲಸ ಮಾಡಿತು. ಈಗ ಕೈಗೆ ಮಾಡಲು ಕೆಲಸವೇ ಇಲ್ಲ.

ಅದಕ್ಕೇ ಮೊದಲು ಇದೊಂದನ್ನು ಕೇಳಿಕೊಳ್ಳುತ್ತೇನೆ. ಅಳಿಯಂದಿರೇ, ಈಗಲೇ ಬರಬೇಡಿ. ರಜೆ ಸಿಕ್ಕಿದರೂ ಬರಬೇಡಿ. ನೀವು ಬಂದರೆ ಅದಕ್ಕೆ ಏನರ್ಥವೆಂದು ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ನನ್ನ ಅಪ್ಪ ತೀರಿಹೋದಾಗ ಊರಿಗೆಲ್ಲ ಬೆಳಗ್ಗೆಯೇ ಗೊತ್ತಿತ್ತು, ಅವ್ವನಿಗೆ ಒಬ್ಬರೂ ಬಾಯಿ ಬಿಡಲಿಲ್ಲ. ಅಂಗಡಿಯವಳು ಎಂದಿನಂತೆ ಹಿಟ್ಟು ತೂಗಿ ಕೊಟ್ಟಳು. ಮಧ್ಯಾಹ್ನ ಅಪ್ಪನ ತಂಗಿಯ ಗಂಡ ಬಂದು ಮೆಟ್ಟಿಲ ಮೇಲೆ ಕುಳಿತರು, ಒಂದು ಮಾತೂ ಆಡಲಿಲ್ಲ. ಅವ್ವ ಅವರ ಮುಖ ನೋಡಿ ಹಿಟ್ಟು ಕಲಸುತ್ತಿದ್ದ ಬೋಗುಣಿಯನ್ನು ಪಕ್ಕಕ್ಕಿಟ್ಟು ಸಾವಿನ ಮನೆಗೆ ಬರುವವರು ಕೂರುವ ಚಾಪೆ ಹಾಸಿದಳು. ಹೆಣ್ಣು ಕೊಟ್ಟು ತಂದು ಆದ ನಂಟರದೇ ಆ ಕೆಲಸ, ಸುದ್ದಿ ತರುವುದರಿಂದ ಹಿಡಿದು ಗುಂಡಿ ತೋಡಿಸುವವರೆಗೆ. ರಕ್ತ ಹಂಚಿಕೊಂಡವರು ಕುಳಿತು ಅಳುವುದಷ್ಟೇ. ಎನೋಸಾನ ಪಾಲಿಗೆ ಅಂಥ ನಂಟರು ಇಬ್ಬರು. ಒಬ್ಬ ಜೆರೆಮಾಯ, ಅವನು ದೋಣಿಯಲ್ಲೇ ಇದ್ದಾನೆ. ಇನ್ನೊಬ್ಬರು ನೀವು. ನೀವು ಫೆರಿಯಿಂದ ಕಾಲು ಕೆಳಗಿಟ್ಟರೆ ಸಾಕು, ಸೆಪಿ ಚಾಪೆ ಹಾಸುತ್ತಾಳೆ.

ಊರೆಲ್ಲ ಈಗ ನನ್ನೊಡನೆ ಬಹಳ ಮರ್ಯಾದೆಯಿಂದ ನಡೆದುಕೊಳ್ಳುತ್ತಿದೆ, ಅದೇ ನನಗೆ ಹೆದರಿಕೆ. ಕಿವುಡನಿಗೆ ಮಾತು ಕೇಳದಿದ್ದರೂ ಬಾಯಿಗಳು ಮುಚ್ಚಿಕೊಳ್ಳುವುದು ಕಾಣುತ್ತದೆ. ಬ್ರೆಡ್ಡಿಗೆಂದು ಅಂಗಡಿಗೆ ಹೋದರೆ ಸಾಲಿನಲ್ಲಿದ್ದವರೆಲ್ಲ ಜಾಗ ಬಿಟ್ಟರು. ಮೊನ್ನೆಯವರೆಗೆ "ಏನ್ ತಾತ, ಇನ್ನೂ ಮುತ್ತು ಸಿಗ್ಲಿಲ್ವಾ?" ಎಂದು ಕಿವಿಗೆ ಕೂಗಿ ನಗುತ್ತಿದ್ದ ಅಂಗಡಿಯವನು ಚಿಲ್ಲರೆಯನ್ನು ಎರಡೂ ಕೈಯಲ್ಲಿ ಕೊಟ್ಟ. ವಾಸಿ ಮಾತ್ರ ಗಟ್ಟಿಯಾಗಿದ್ದಾಳೆ. ಗಂಡ, ಅಣ್ಣ ಇಬ್ಬರೂ ಒಂದೇ ದೋಣಿಯಲ್ಲಿದ್ದರೂ ದಿನಾ ಬೆಳಗ್ಗೆ ಅವರಿಬ್ಬರ ಲೆಕ್ಕಕ್ಕೂ ಸೇರಿಸಿ ರೊಟ್ಟಿ ಮಾಡುತ್ತಾಳೆ, ಸಂಜೆ ಅದನ್ನು ಕೋಳಿಗಳಿಗೆ ಹಾಕುತ್ತಾಳೆ. ನಿನ್ನೆ ನನ್ನ ಪಕ್ಕ ಕುಳಿತು ಎಡಗಿವಿಗೆ ಬಾಯಿ ಹತ್ತಿರ ತಂದು, "ಮಾವ, ಬೀಕನ್ ಕೂಗಿಲ್ಲ ಅಲ್ವಾ? ಹಾಗಾದ್ರೆ ಏನೂ ಆಗಿಲ್ಲ ಅಲ್ವಾ?" ಎಂದಳು. ನಾನು ತಲೆಯಾಡಿಸಿದೆ. ಆಮೇಲೆ ಅವಳ ಮುಖ ನೋಡಲಾಗದೆ ಹಿತ್ತಲಿಗೆ ಹೋಗಿ ಇಲ್ಲದ ಕೆಲಸ ಹುಡುಕಿಕೊಂಡೆ.

ಇನ್ನು ನಿಮ್ಮ ಅಣ್ಣ ಗೇಬನ ವಿಷಯ, ಅವರಲ್ಲಿ ನನ್ನ ಪರವಾಗಿ ಕ್ಷಮೆ ಕೇಳಿ. ಅವರು ಕಡಲಲ್ಲಿ ಕಳೆದುಹೋದವರನ್ನು ಹುಡುಕುವ ಊರಿನ ರಕ್ಷಣಾ ದಳದಲ್ಲಿ ಇರುವುದು ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ನಿನ್ನೆ ಬೆಳಗ್ಗೆ ಅವರು ನಮ್ಮ ಗೇಟಿನ ಹತ್ತಿರ ಟೋಪಿಯನ್ನು ಕೈಯಲ್ಲಿ ಹಿಡಿದು ನಿಂತದ್ದು ಕಂಡಾಗ ದಳವೂ ನೆನಪಾಗಲಿಲ್ಲ, ಏನೂ ನೆನಪಾಗಲಿಲ್ಲ. ತಮ್ಮ ದೂರದ ಊರಿನಲ್ಲಿದ್ದರೆ ಅಣ್ಣ ಬರುವುದು ಉಂಟಲ್ಲ ಎಂದು ಒಂದೇ ಯೋಚನೆ. ಹಿಂಬಾಗಿಲಿನಿಂದ ಓಡಿದೆ, ಈ ಮಂಡಿ ಇಟ್ಟುಕೊಂಡು. ದಂಡೆಯಲ್ಲಿ ಮಗುಚಿಟ್ಟ ದೋಣಿಯೊಂದರ ಹಿಂದೆ ಮರಳಲ್ಲಿ ಕುಳಿತುಕೊಂಡೆ. ಅವರು ಹೇಳುವವರೆಗೆ ನನ್ನ ಮಗ ಬದುಕಿದ್ದಾನೆ, ಅವರು ನನ್ನನ್ನು ಕಾಣದಿದ್ದರೆ ಹೇಳಲಾರರು, ಎಂದು ನನ್ನ ಬುದ್ಧಿ. ಮಧ್ಯಾಹ್ನ ಮತ್ತೆ ಬಂದರು, ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡೆ. ಅವರು ಹೋದ ಮೇಲೆ ಸೆಪಿ ಬಾಗಿಲು ಗುದ್ದಿ ಹೊರಗೆಳೆದು ಎಡಗಿವಿಗೇ ಬೈದಳು. "ಆ ಮನುಷ್ಯ ಎರಡು ಸಲ ಬಂದು ಹೋದ, ನೀವು ಬಚ್ಚಲಲ್ಲಿ ಕೂತು ಜಪ ಮಾಡ್ತಿದ್ರಾ? ಟೋಪಿ ತೆಗ್ದಿದ್ದು ಗಾಳಿಗೆ ಹಾರುತ್ತೆ ಅಂತ. ದೋಣೀಲಿ ಬೀಕನ್ ಇತ್ತಾ ಅಂತ ನಿಮ್ಮನ್ನ ಕೇಳ್ಬೇಕಿತ್ತಂತೆ. ಇತ್ತು ಅಂತ ನಾನೇ ಹೇಳ್ದೆ. ಅದಿಲ್ದೆ ಎನೋಸಾ ಹೊರಡ್ತಾನಾ?" ಎಂದಳು. ನಾನು ಕೇಳಿಸದವನ ಹಾಗೆ ಕುಳಿತೆ. ಕಿವುಡನಿಗೆ ಅದೊಂದು ಅನುಕೂಲ.

ಅಳಿಯಂದಿರೇ, ನಾನು ಮುತ್ತಿನ ಹಡಗಿನಲ್ಲಿದ್ದಾಗ ನಮ್ಮನ್ನು ನಡೆಸುತ್ತಿದ್ದ ತಾಂಡೇಲ, ಮುದುಕ ಮಲಾಕಿಯ ಕಥೆಯನ್ನು ನಿಮಗೆ ಎಷ್ಟೋ ಸಲ ಹೇಳಿದ್ದೇನೆ, ಮದುವೆಯ ದಿನವೂ ಹೇಳಿ ಸೆಪಿಯಿಂದ ತಿವಿಸಿಕೊಂಡೆ. ಹಾಯಿ ಎತ್ತುವ ಹಿಂದಿನ ಸಂಜೆ ಅವನು ಹಡಗಿನ ಯಾವುದಾದರೂ ಒಂದು ಸಾಮಾನನ್ನು ಕದ್ದು ಬಚ್ಚಿಡುತ್ತಿದ್ದ. ಒಮ್ಮೆ ಗಾಳಿಪಂಪಿನ ಸ್ಪಾನರ್, ಒಮ್ಮೆ ಸೀಸದ ಬೂಟಿನ ಪಟ್ಟಿ, ಒಮ್ಮೆ ಕುಡಿಯುವ ನೀರಿನ ಪೀಪಾಯಿಯ ಬಿರಡೆ. ಲಂಗರು ಮೇಲೆ ಬರುವುದರೊಳಗೆ ಯಾರಾದರೂ ಅದು ಇಲ್ಲವೆಂದು ಕಂಡುಹಿಡಿಯಬೇಕು. ಹಿಡಿಯದಿದ್ದರೆ ತಾನೇ ಹೊರತೆಗೆದು ತೋರಿಸಿ ಅಂದು ಒಬ್ಬರಿಗೂ ಚಹಾ ಕೊಡುತ್ತಿರಲಿಲ್ಲ. ಬೈದರೆ, "ಕಡಲು ಕೇಳೋಕ್ಮುಂಚೆ ನಾನು ಕೇಳ್ತೀನಿ, ಅಷ್ಟೆ," ಎನ್ನುತ್ತಿದ್ದ. ಬೇರೆ ಹಡಗಿನವರು ಒಬ್ಬೊಬ್ಬರಾಗಿ ಸ್ಮಶಾನದ ಗುಡ್ಡ ಸೇರಿದರೂ ನಮ್ಮ ಹಡಗಿನಲ್ಲಿ ಒಬ್ಬನೂ ಸಾಯಲಿಲ್ಲ. ಅಂಗಿಗೆ ಹಾಕುವ ಚಿಪ್ಪಿನ ಗುಂಡಿಗಳನ್ನು ಕೇಳುವವರಿಲ್ಲದೆ ಹಡಗುಗಳೆಲ್ಲ ಕೆಸರಿನಲ್ಲಿ ಕೊಳೆತ ಮೇಲೂ ನಾನು ಆ ಅಭ್ಯಾಸ ಬಿಡಲಿಲ್ಲ. ಎನೋಸಾನಿಗೆ ಹದಿನಾಲ್ಕು ವರ್ಷವಾದಾಗಿನಿಂದ ಹೀಗೆ ಪರೀಕ್ಷೆ ಮಾಡಿದ್ದೇನೆ. ಪ್ರತಿ ಸಲವೂ ಕಂಡುಹಿಡಿದು, "ಅಪ್ಪ, ಚಾಕು ಕೊಡಿ, ನಾಟಕ ಸಾಕು," ಎಂದು ಕೈ ಚಾಚುತ್ತಿದ್ದ.

ಸೋಮವಾರ ಸಂಜೆ ಅವನೂ ಜೆರೆಮಾಯನೂ ದೋಣಿಗೆ ಐಸು ತುಂಬುತ್ತಿದ್ದರು. ನಾನು ಸುಮ್ಮನಿರಬಹುದಿತ್ತು. "ನಿಮಗೆ ಕಡಲು ಗೊತ್ತಿಲ್ಲ, ಗುಂಡಿ ಒತ್ತೋದು ಗೊತ್ತು," ಎಂದೆ. ಎನೋಸಾ ನಗುತ್ತ ನನ್ನ ಹೆಗಲ ಮೇಲೆ ಕೈ ಹಾಕಿ ಕಿವಿಗೆ ಕೂಗಿದ, "ನಿಮಗೆ ಕಡಲೂ ಕೇಳ್ಸಲ್ಲ, ಗುಂಡೀನೂ ಕೇಳ್ಸಲ್ಲ, ಹೋಗಿ ಮಲಗಿ." ಜೆರೆಮಾಯ ಹೊಟ್ಟೆ ಹಿಡಿದುಕೊಂಡು ನಕ್ಕ. ನಾನೂ ನಕ್ಕೆ, ಆದರೆ ಒಳಗೆ ಚುಚ್ಚಿತು. ಅವರು ಊಟಕ್ಕೆ ಹೋದಾಗ ಸೀಟಿನ ಕೆಳಗಿನ ಕೊಕ್ಕೆಯಿಂದ ಬೀಕನ್ ತೆಗೆದು, ಗೋಣಿಯಲ್ಲಿ ಸುತ್ತಿ, ಶೆಡ್ಡಿನ ಬಣ್ಣದ ಡಬ್ಬಗಳ ಹಿಂದೆ ಇಟ್ಟೆ. ನಾಲ್ಕು ಗಂಟೆಗೆ ಎದ್ದು ದಂಡೆಯಲ್ಲಿ ನಿಂತು, ಅವನು ದೋಣಿ ತಳ್ಳುವಾಗ, "ಏನಪ್ಪ, ಏನೋ ಕಮ್ಮಿ ಇದೆಯಲ್ಲ," ಎನ್ನಬೇಕೆಂದು ಬಾಯಿಪಾಠ ಮಾಡಿಕೊಂಡು ಮಲಗಿದೆ. ಸೆಪಿ ಚಹಾ ತಂದು ಅಲುಗಾಡಿಸಿದಾಗ ಕಣ್ಣು ಬಿಟ್ಟೆ. ಅವರು ಹೋಗಿ ಒಂದು ಗಂಟೆಯಾಗಿತ್ತಂತೆ. ಆ ಮೋಟಾರಿನ ಸದ್ದಿಗೆ ಬೀದಿಯ ನಾಯಿಗಳೆಲ್ಲ ಎದ್ದು ಬೊಗಳಿದವಂತೆ. ನನ್ನ ಪಾಲಿಗೆ ಏನೂ ಆಗಿರಲಿಲ್ಲ.

ಒಂದು ದಿನದ ಮಾತು, ಆಕಾಶ ಚೆನ್ನಾಗಿದೆ, ಬಂದ ಮೇಲೆ ಸದ್ದಿಲ್ಲದೆ ವಾಪಸು ಇಟ್ಟರಾಯಿತು ಎಂದುಕೊಂಡೆ. ಬುಧವಾರ ಗಾಳಿ ಎದ್ದಾಗಲೇ ಹೇಳಬೇಕಿತ್ತು. ಇಡೀ ಊರು ಬೀಕನ್ ಕೂಗಿಲ್ಲ ಎಂದು ಸಮಾಧಾನ ಮಾಡಿಕೊಳ್ಳುತ್ತಿದೆ, ಅದು ಕೂಗುವ ಹಾಗಿಲ್ಲ ಎಂದು ಗೊತ್ತಿರುವವನು ನಾನೊಬ್ಬ. ಮೋಟಾರು ನಿಂತಿದ್ದರೆ ಈ ಗಾಳಿ ಅವರನ್ನು ಯಾವ ದ್ವೀಪದ ಮರೆಗೂ ಬಿಟ್ಟಿರುವುದಿಲ್ಲ, ಪಶ್ಚಿಮದ ಬಯಲು ಕಡಲಿಗೆ ತಳ್ಳಿರುತ್ತದೆ. ಅಲ್ಲಿ ಒಬ್ಬರೂ ಹುಡುಕುತ್ತಿಲ್ಲ. ಹೇಳಲು ಮೂರು ಸಲ ಬಾಯಿ ತೆರೆದೆ. ಪ್ರತಿ ಸಲವೂ ಮುಂದೆ ವಾಸಿ ಇದ್ದಳು, ಇಲ್ಲವೇ ಸೆಪಿ ಇದ್ದಳು. ಮಗನನ್ನೂ ಸೊಸೆಯ ಅಣ್ಣನನ್ನೂ ನನ್ನ ಕುಚೇಷ್ಟೆಯೇ ಕೊಂದಿತು ಎಂದು ಅವರ ಮುಖಕ್ಕೆ ಹೇಗೆ ಹೇಳಲಿ? ನಮ್ಮ ಮನೆಯವರ ಕೈಲಾಗದ್ದನ್ನು ಮಾಡುವ ಹಕ್ಕು ನಿಮ್ಮದು, ಅದಕ್ಕೆ ನಿಮಗೆ ಬರೆಯುತ್ತಿದ್ದೇನೆ. ಈ ಕಾಗದ ಓದಿದೊಡನೆ ಗೇಬನಿಗೆ ಫೋನು ಮಾಡಿ. ಬೀಕನ್ ಇಲ್ಲ, ಪಶ್ಚಿಮಕ್ಕೆ ಹೋಗಿ ಎನ್ನಿ. ಮಾವನೇ ತೆಗೆದದ್ದು ಎಂದು ಹೇಳಲು ಸಂಕೋಚ ಬೇಡ.

ಲೋವಿಸಾಳಿಗೆ ಇದನ್ನು ಓದಿ ಹೇಳುವಾಗ ಅವಳನ್ನು ಕೂರಿಸಿಕೊಂಡು ಓದಿ. ಮಕ್ಕಳ ತಲೆಯ ಮೇಲೆ ನನ್ನ ಕೈ ಇದೆಯೆಂದು ಹೇಳಿ. ದೇವರು ನಿಮ್ಮ ಮನೆಯ ಬಾಗಿಲು ಕಾಯಲಿ.

ಇಂತು ನಿಮ್ಮ ಮಾವ,
ನಾಹುಮ್

ಮತ್ತೆ: ಸಹಿ ಹಾಕಿ ತಲೆಯೆತ್ತಿದರೆ ಸೆಪಿ ನನ್ನ ಬೆನ್ನ ಹಿಂದೆಯೇ ನಿಂತಿದ್ದಾಳೆ. ಯಾವಾಗ ಬಂದಳೋ, ಎಷ್ಟು ಓದಿದಳೋ, ಹೆಜ್ಜೆಯ ಸಪ್ಪಳ ನನಗೆಲ್ಲಿ ತಿಳಿಯಬೇಕು. ಬೈಯಲಿಲ್ಲ. ಅವಳು ಬೈಯದೆ ಇದ್ದದ್ದನ್ನು ನಾನು ಕಂಡದ್ದು ಇದೇ ಮೊದಲು. ನೇರ ಶೆಡ್ಡಿಗೆ ಹೋದಳು, ಡಬ್ಬಗಳನ್ನು ಬೀಳಿಸಿದಳು, ಈಗ ಹಳದಿ ಪೆಟ್ಟಿಗೆಯನ್ನು ಎದೆಗವುಚಿಕೊಂಡು ಬರಿಗಾಲಲ್ಲಿ ಗೇಬನ ಕಚೇರಿಯ ಕಡೆಗೆ ಓಡುತ್ತಿದ್ದಾಳೆ. ಚರ್ಚಿನ ಮೆಟ್ಟಿಲು ಹತ್ತಲು ನನ್ನ ತೋಳು ಹಿಡಿಯುವವಳು. ವಾಸಿ ಅವಳ ಹಿಂದೆ ಓಡಿದಳು. ನಾನೂ ಹೊರಟೆ, ಗಾಳಿ ಎಲ್ಲಿಗೆ ಒಯ್ದಿರುತ್ತದೆಂದು ಅವರಿಗೆ ನಕ್ಷೆಯ ಮೇಲೆ ತೋರಿಸಬೇಕು. ಕಾಗದವನ್ನು ದಾರಿಯಲ್ಲಿ ಅಂಚೆಗೆ ಹಾಕುತ್ತೇನೆ, ನೀವು ಇದನ್ನೂ ತಿಳಿದಿರಬೇಕು ಎಂದು. ನಮ್ಮ ಊರಿನಿಂದ ವೈಪಾಕ್ಕೆ ಅಂಚೆ ಮುಟ್ಟಲು ಮೂರು ದಿನ ಹಿಡಿಯುತ್ತದೆ. ಅದು ಗೊತ್ತಿದ್ದೇ ನಾನು ಇವತ್ತು ನಿಮಗೆ ಬರೆಯಲು ಕುಳಿತದ್ದು.