ರೂಟರಿನ ನಾಲ್ಕನೇ ದೀಪ

೬ ಮೇ ೨೦೧೩, ಸೋಮವಾರ. ಸಂಜೆ ೬

ಇವತ್ತೂ ಅವ್ವ ಆರಕ್ಕೆ ತಲೆ ಬಾಚಿಕೊಂಡು ಲ್ಯಾಪ್‌ಟಾಪ್ ಮುಂದೆ ಕೂತಳು. ನೆಟ್ ಇಲ್ಲ. ವೈಫೈ ತೋರಿಸ್ತದೆ, ಒಳಗೆ ಏನೂ ತೆರೆಯೋದಿಲ್ಲ. ರೂಟರಿನಲ್ಲಿ ನಾಲ್ಕು ದೀಪ. ಎರಡು ಹತ್ತಿವೆ, ಮೂರನೇದು ಮಿಟುಕಾಡ್ತದೆ, ನಾಲ್ಕನೇದು — ಇಂಟರ್‌ನೆಟ್ ಅಂತ ಬರೆದದ್ದು — ಸತ್ತಿದೆ. ಬಂದ್ ಮಾಡಿ ಚಾಲೂ ಮಾಡಿದೆ. ಮೂರು ಸಲ.

ಸ್ನೇಹಲ ಪುಣೆಯಲ್ಲಿ ವಿಡಿಯೋ ಕಾಲ್‌ಗೆ ಕಾಯ್ತಿರಬೇಕು. ಬಸುರಿ, ಒಂಬತ್ತರಲ್ಲಿ ಬಿದ್ದಾಳೆ. ಹುಟ್ಟುಕಿವುಡಿ ನನ್ನ ತಂಗಿ, ಫೋನಿನ ಮಾತು ಉಪಯೋಗ ಇಲ್ಲ. ಮಿರಜದ ಶಾಲೆಯಲ್ಲಿ ಮರಾಠಿ ಎರಡು ಅಕ್ಷರ ಕಲಿತಾಳೆ. ಮೆಸೇಜ್ ಬಂತು: ನೆಟ್ ನಾಹೀ ಕಾ?

ನಾಹೀ, ಇಲ್ಲ ಅಂತ ಕಳಿಸಿದೆ.

೭ ಮೇ

ನಿನ್ನೆ ಮಧ್ಯಾಹ್ನದ ಗಾಳಿಗೆ ಅನಂತಪುರ ರಸ್ತೆಯಲ್ಲಿ ಟೆಲಿಫೋನ್ ಕಂಬ ಬಿದ್ದಾವಂತೆ. ಲೈನ್‌ಮನ್ ಧೂಳಪ್ಪ ಮೊಬೈಲ್‌ನಲ್ಲಿ ಹೇಳಿದ, "ಎರಡ್ಮೂರ ದಿನಾ ತಡೀರಿ ಕ್ಲಾರ್ಕ್ ಸಾಹೇಬ್ರ."

ತಡೆಯಲಿಲ್ಲ. ರೂಟರಿನ ಹಿಂದೆ ಸಣ್ಣ ತೂತು. ಪಿನ್ನು ಹಾಕಿ ಒತ್ತಿ ಹಿಡಿದೆ. ಎಲ್ಲಾ ದೀಪ ಒಮ್ಮೆ ಆರಿ ಹತ್ತಿದವು. ಅಷ್ಟೇ.

೮ ಮೇ

ಅವ್ವನಿಗೆ ಊಟ ಸೇರ್ತಿಲ್ಲ. "ಮೆಸೇಜ್ ಬರೀತೇನಿ, ಏನ್ ಹೇಳೂದೈತಿ ಹೇಳು" ಅಂದೆ.

"ಅದನ್ನ ಬರಿಯಾಕ ಬರೂದಿಲ್ಲೋ ಜ್ಞಾನೂ. ಅಕಿ ಮಾರಿ ನೋಡಿ ಹೇಳೂದದು."

ಇಬ್ಬರ ಕೈಮಾತು ಯಾವ ಶಾಲೆಯದೂ ಅಲ್ಲ. ಸ್ನೇಹಲ ಎರಡು ವರ್ಷದವಳಿದ್ದಾಗಿಂದ ಅವರೇ ಮಾಡಿಕೊಂಡದ್ದು. ನನಗೆ ಅರ್ಧ ತಿಳೀತದೆ. ಅರ್ಧಕ್ಕಿಂತ ಕಡಿಮೆ. ಅವ್ವ ಇದ್ದಾಳಲ್ಲ ಅಂತ ಕಲಿಯೋಕೆ ಹೋಗಲಿಲ್ಲ.

೧೦ ಮೇ. ಮಧ್ಯಾಹ್ನ

ಮೂರನೇ ದೀಪ ಸ್ಥಿರವಾಗಿ ಹತ್ತಿದೆ, ಮಿಟುಕಾಡ್ತಿಲ್ಲ. ನಾಲ್ಕನೇದು ಇಲ್ಲ. ಧೂಳಪ್ಪಗೆ ಫೋನ್ ಮಾಡಿದೆ.

"ಲೈನ್ ಮುಂಜಾನೇನ ಸರಿ ಆಗೇತ್ರಿ. ನಿಮ್ಮ ಕಡೆ ಒಮ್ಮೆ ನೋಡ್ರಿ."

"ನಮ್ಮ ಕಡೆ ಏನ್ ನೋಡೂದೋ? ಸುಳ್ಳ ಹೇಳಬ್ಯಾಡ."

ಬಾಯಿಗೆ ಬಂದಂತೆ ಬೈದೆ. ಅವನು ಎಲ್ಲಾ ಕೇಳಿಸಿಕೊಂಡು, "ಬಂದ್ ನೋಡ್ತೇನ್ರಿ, ಪಾಳಿ ಬಂದಾಗ" ಅಂದ.

೧೩ ಮೇ, ಸೋಮವಾರ

ಅವ್ವ ಬೆಳಿಗ್ಗೆನೇ ಇಳಕಲ್ ಸೀರೆ ಉಟ್ಟು ನಿಂತಿದ್ದಳು. "ಅಥಣ್ಯಾಗ ಕಂಪ್ಯೂಟರ್ ಅಂಗಡಿ ಅದಾವಂತಲ್ಲ. ಅಲ್ಲಿಂದ ನೋಡೂಣ. ಬಸ್ಸಿಗೆ ಹೋಗಿ ಬರೂಣ ನಡಿ."

ಬಿಸಿಲು ವಿಪರೀತ, ಶಾಲೆಯಲ್ಲಿ ಟಿ.ಸಿ. ಬರೆಯೋದು ರಾಶಿ ಬಿದ್ದಿದೆ. "ಗುರುವಾರ ಹೋಗೂಣ" ಅಂದೆ. ಸೀರೆ ಬದಲಾಯಿಸಿ ಕೂತಳು.

೧೫ ಮೇ, ಬುಧವಾರ

ಮುಂಜಾನೆ ಬಚ್ಚಲ ಹತ್ತಿರ ಬಿದ್ದಿದ್ದಳು. ನನ್ನ ಹೆಂಡತಿ ಪ್ರಾಜಕ್ತಾ ನೋಡಿ ನನ್ನನ್ನು ಕೂಗಿದಳು. ಬಲಗಡೆ ಪೂರಾ ಹೋಗಿದೆ. ಮಾತಿಲ್ಲ. ಜೀಪಿನಲ್ಲಿ ಅಥಣಿ. ಅಲ್ಲಿಂದ ಮಿರಜ.

ಸ್ನೇಹಲಗೆ 'ಆಯಿಗೆ ಜ್ವರ', ಅವ್ವನಿಗೆ ಜ್ವರ, ಅಂತಷ್ಟೇ ಕಳಿಸಿದೆ.

೨೨ ಮೇ, ಬುಧವಾರ

ಅವ್ವನನ್ನ ನಿನ್ನೆ ಮನೆಗೆ ತಂದೆವು. ಇನ್ನು ಮಾಡೋದೇನಿಲ್ಲ ಅಂದರು ಡಾಕ್ಟರ್.

ಮಧ್ಯಾಹ್ನ ಧೂಳಪ್ಪ ತಾನೇ ಬಂದ. ಬೈದದ್ದು ಎತ್ತಲಿಲ್ಲ. ಅವ್ವನ ಹಾಸಿಗೆ ಹತ್ತಿರ ನಿಂತು ಕೈ ಮುಗಿದ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ರೂಟರಿನ ಸೆಟ್ಟಿಂಗ್ ಪುಟ ತೆರೆದು ನೋಡಿದ.

"ಸಾಹೇಬ್ರ, ಇದರಾಗ ನಿಮ್ಮ ಯೂಸರ್ ನೇಮ್ ಇಲ್ಲ, ಪಾಸ್‌ವರ್ಡ್ ಇಲ್ಲ. ಪೂರಾ ಖಾಲಿ ಐತಿ. ರೀಸೆಟ್ ಯಾರರೆ ಒತ್ತಿದ್ರೇನ್ರಿ?"

ನಾನೇ ಒತ್ತಿದ್ದೆ ಅಂದೆ.

"ಲೈನ್ ಹತ್ತನೇ ತಾರೀಖಿಗೇ ಸರಿ ಆಗಿತ್ರಿ."

ಹೊಸದಾಗಿ ತುಂಬಿದ. ಐದು ನಿಮಿಷ. ನಾಲ್ಕನೇ ದೀಪ ಹತ್ತಿತು. ಹನ್ನೆರಡು ದಿನ ನೆಟ್ ಇಲ್ಲದ್ದು ನನ್ನ ಕೈಯಿಂದ. ಅದರಲ್ಲಿ ಮೊದಲ ಐದು ದಿನ ಅವ್ವನ ಕೈ ನೆಟ್ಟಗಿತ್ತು, ಹೋದ ಬುಧವಾರದ ತನಕ.

ಸಂಜೆ ಆರಕ್ಕೆ ದಿಂಬು ಕೊಟ್ಟು ಕೂಡಿಸಿದೆವು. ಸ್ನೇಹಲ ಪರದೆ ಮೇಲೆ ನಗುತ್ತಾ ಬಂದಳು, ಎರಡೂ ಕೈಯಿಂದ ಏನೋ ಗಡಿಬಿಡಿಯಲ್ಲಿ ಹೇಳೋಕೆ ಶುರು ಮಾಡಿ, ಅವ್ವನನ್ನ ನೋಡಿ ಅರ್ಧಕ್ಕೆ ನಿಲ್ಲಿಸಿದಳು. ಅವ್ವ ಎಡಗೈ ಎತ್ತಿದಳು. ಬೆರಳು ಮಡಚಲಿಲ್ಲ. ಮತ್ತೆ ಎತ್ತಿದಳು. ಸ್ನೇಹಲ ನನ್ನ ಕಡೆ ನೋಡಿದಳು, ಏನಂದಳು ಅಂತ. ನನಗೂ ತಿಳಿಯಲಿಲ್ಲ.

ಸ್ನೇಹಲ ಹೊರಟು ಬರ್ತೀನಿ ಅಂತ ಹಟ ಹಿಡಿದಳಂತೆ. ಬಿ.ಪಿ. ಏರಿದೆ, ಡಾಕ್ಟರ್ ಬಿಡಲಿಲ್ಲ. ಗಂಡ ವಿಕ್ರಾಂತನೂ ಕಿವುಡ. ಅವನ ತಾಯಿ ಲಕ್ಷ್ಮಿಬಾಯಿ ಫೋನ್ ಮಾಡಿ ಹೇಳಿದರು.

೨೫ ಮೇ

ಬೆಳಿಗ್ಗೆ ಎಂಟು ಹತ್ತಕ್ಕೆ ಅವ್ವ ಹೋದಳು. ಪ್ರಾಜಕ್ತಾ ಚಹಾ ಕುಡಿಸ್ತಿದ್ದಳು.

ಬುದ್ಧ ವಿಹಾರದವರು ಬಂದು ವಂದನೆ ಹೇಳಿದರು. ಮೂರು ಗಂಟೆಗೆ ಎಲ್ಲಾ ಮುಗೀತು.

ಲಕ್ಷ್ಮಿಬಾಯಿ ಫೋನ್‌ನಲ್ಲಿ ಮರಾಠಿಯಲ್ಲಿ ಅತ್ತರು. ಆಮೇಲೆ ಅಂದರು — ಅವಳಿಗೆ ಈಗಲೇ ಹೇಳೋದು ಬೇಡ, ಹೆರಿಗೆ ಆಗಲಿ, ಎರಡು ಜೀವದ ಪ್ರಶ್ನೆ. ಹೂಂ ಅಂದೆ. ಆರು ಗಂಟೆಗೆ ಅವಳು ಕರೀತಾಳೆ…

ರೂಟರಿನ ವೈರ್ ಕಿತ್ತೆ. ಮೆಸೇಜ್ ಮಾಡಿದೆ: ನೆಟ್ ಪುನ್ಹಾ ಗೇಲಾ. ಮತ್ತೆ ಹೋಯ್ತು.

೨೮ ಮೇ

ಸ್ನೇಹಲಳ ಮೆಸೇಜ್, ದಿನಕ್ಕೆ ನಾಲ್ಕು. ಬಂದ್ ಕರೂನ್ ಚಾಲೂ ಕರ್. ವೈರ್ ಬಿಗಿ ಇದೆಯಾ ನೋಡು. ಲೈನ್‌ಮನ್‌ನ ಕರಿ. ಆಯಿ ಉಂಡಳಾ.

ಉಂಡಳು ಅಂತ ಕಳಿಸಿದೆ.

ಬಸ್ ಸ್ಟ್ಯಾಂಡ್ ಹತ್ತಿರ ಧೂಳಪ್ಪ ಸಿಕ್ಕ. "ನೆಟ್ ಚಲೋ ಬರಾಕತ್ತೇತೇನ್ರಿ?" "ಹೌದು." ಅವನ ಮಾರಿ ನೋಡಲಾಗಲಿಲ್ಲ.

ಪ್ರಾಜಕ್ತಾ ಅಡಿಗೆಮನೆಯಿಂದಲೇ, "ನೆಟ್ ಬಂದ ದಿನಾ ಏನ್ ಹೇಳಾವ್ರು?" ಅಂದಳು.

೩ ಜೂನ್

ಹೆಣ್ಣು ಮಗು. ಇಬ್ಬರೂ ಆರಾಮ ಅಂತ ಲಕ್ಷ್ಮಿಬಾಯಿ. ಪೇಢೆ ತರಲಿಲ್ಲ.

೯ ಜೂನ್, ರವಿವಾರ. ಸಂಜೆ

ಲಕ್ಷ್ಮಿಬಾಯಿ ಮುಂಜಾನೆ ಫೋನ್ ಮಾಡಿದ್ದರು. ಇನ್ನು ಮುಚ್ಚಿಡೋಕಾಗಲ್ಲ, ನೀವೇ ಅಣ್ಣ, ನೀವೇ ಹೇಳಿ, ನಾ ಪಕ್ಕದಲ್ಲಿರ್ತೀನಿ ಅಂದರು.

ಆರಕ್ಕೆ ವೈರ್ ಹಾಕಿದೆ. ನಾಲ್ಕೂ ದೀಪ ಹತ್ತಿದವು. ತಡ ಆಗಲಿ ಅನ್ನಿಸ್ತು. ಆಗಲಿಲ್ಲ.

ಸ್ನೇಹಲ ಇಳಿದುಹೋಗಿದ್ದಾಳೆ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು. ಕೂಸನ್ನ ಕ್ಯಾಮೆರಾಕ್ಕೆ ಹಿಡಿದಳು, ಕೆಂಪಗೆ, ಮುಷ್ಟಿ ಬಿಗಿದುಕೊಂಡು ಮಲಗಿತ್ತು. ನಾನು ನೋಡಿದೆ. ಅವಳು ನನ್ನ ಹೆಗಲ ಹಿಂದೆ ನೋಡಿದಳು. ಆಮೇಲೆ ಕೇಳಿದಳು, ಅವ್ವ ಎಲ್ಲಿ.

ನಮ್ಮ ಮನೆ ಕೈಮಾತಿನಲ್ಲಿ ಸತ್ತಳು ಅನ್ನೋದಕ್ಕೆ ಏನು ಮಾಡ್ತಾರೆ, ನನಗೆ ಗೊತ್ತಿಲ್ಲ. ಅಪ್ಪ ಸತ್ತಾಗ ಅವ್ವನೇ ಅವಳನ್ನ ಒಳಗೆ ಕರೆದೊಯ್ದು ಹೇಳಿದ್ದಳು.

ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಹಚ್ಚಿದೆ. ಕಣ್ಣು ಮುಚ್ಚಿದೆ. ಬಹಳ ಹೊತ್ತು ಹಾಗೇ ಇದ್ದೆ.

ಕಣ್ಣು ತೆಗೆದಾಗ ಸ್ನೇಹಲ ನಗ್ತಿದ್ದಳು. ಮಲಗ್ಯಾಳ ಅಂತ ತಿಳಿದಿದ್ದಳು. ಲಕ್ಷ್ಮಿಬಾಯಿ ಮುಖಕ್ಕೆ ಸೆರಗು ಹಿಡಿದದ್ದು ಅವಳಿಗೆ ಕಾಣಲಿಲ್ಲ. ಕೂಸನ್ನ ಇನ್ನಷ್ಟು ಮುಂದಕ್ಕೆ ತಂದು ಕೈ ಮಾಡಿದಳು — ಎಬ್ಬಿಸು, ತೋರಿಸೋಣ.

ನಾ ಇಲ್ಲ ಅಂತ ತಲೆ ಅಲ್ಲಾಡಿಸಿದೆ. ಅವಳು ಮತ್ತೆ, ಎಬ್ಬಿಸು. ನಾ ಮತ್ತೆ ಕೈ ಜೋಡಿಸಿ ಕೆನ್ನೆಗೆ ಹಚ್ಚಿದೆ.