ಕೈಗೆ ಎಟುಕುವ ಮೂಲೆ

ಸವಣೂರು
೧೪ ನವೆಂಬರ್ ೨೦೨೪

ಮಗಳು ಗುಲ್ನಾರಳಿಗೆ ಅತ್ತೆ ಹುಸೇನಬಿಯ ಸಲಾಮು, ತುಂಬು ಮನಸ್ಸಿನ ದುವಾ.

ಫೋನು ಹಚ್ಚಿದರೆ ನೀನು ಅಳುತ್ತೀ, ನಿನ್ನ ಅಳು ಕೇಳಿ ನಾನೂ ಅಳುತ್ತೇನೆ, ಹೇಳಬೇಕಾದದ್ದು ಹೊಟ್ಟೆಯಲ್ಲೇ ಉಳಿಯುತ್ತದೆ. ಅದಕ್ಕೇ ಈ ಕಾಗದ. ಅಕ್ಷರ ಸೊಟ್ಟಗಿವೆ ಎಂದು ನಗಬೇಡ.

ನಿನ್ನ ಅಣ್ಣ ಶಿಗ್ಗಾವಿಯ ಅಯಾಜನ ಸಂಬಂಧ ತಂದರೆ ನೀನು ಒಲ್ಲೆ ಎಂದೆಯಂತೆ. ಹಿರೇಕೆರೂರಿನಿಂದ ನಿನ್ನ ತಾಯಿ ತಿಳಿಸಿದಳು. ಯಾಕೆ ಎಂದು ಕೇಳಿದ್ದಕ್ಕೆ ನೀನು ಆಡಿದ ಮಾತನ್ನೂ ಹಾಗೆಯೇ ಹೇಳಿದಳು: "ಅತ್ತಿ ಒಬ್ಬರ ಅದಾರ. ಆ ಮೂಲಿ ಕಪಾಟಿನ್ಯಾಗ ಕೈ ಹಾಕಿ ಡಬ್ಬಿ ತಗದು ಕೊಡಾಕ ಸೈತ ಯಾರೂ ಇಲ್ಲ. ನಾ ಸವಣೂರಿಗೇ ಹೋಗ್ತೇನಿ."

ಎಲಾ ಹುಡುಗಿ, ಮದುವೆ ಬೇಡವೆನ್ನಲು ನಿನಗೆ ನನ್ನ ಅಡುಗೆಮನೆಯ ಮೂಲೆಯೇ ಸಿಕ್ಕಿತೇ?

ಸುಳ್ಳಲ್ಲ, ಹಾಳು ಮೂಲೆಯೇ ಅದು. ಎರಡು ಕಟ್ಟೆ ಕೂಡುವಲ್ಲಿ ಗವಿಯ ಹಾಗೆ ಒಳಗೆ ಹೋಗಿತ್ತು, ಬಾಗಿಲು ಮಾತ್ರ ಇಷ್ಟೇ ಇಷ್ಟು. ಖಾರ ಕರಿದು ಮಾರುವವರ ಮನೆ, ಡಬ್ಬಿ ಬೋಗುಣಿ ಬಹಳ, ಗೇಣು ಜಾಗವೂ ಹಾಳಾಗಬಾರದೆಂದು ನನ್ನ ಮಗ ನಾಸೀರ, ಗೌಂಡಿಯೊಡನೆ ಜಗಳಾಡಿ ಕಟ್ಟಿಸಿದ. ಕಟ್ಟಿದ ಮೇಲೆ ನಿನ್ನ ಹೊರತು ಯಾರ ಕೈಯೂ ಅದರ ತುದಿ ಮುಟ್ಟಲಿಲ್ಲ. ನೀನು ನೆಲಕ್ಕೆ ಅಡ್ಡ ಮಲಗಿ ಭುಜದ ತನಕ ಕೈ ಹಾಕಿದರೆ ಅವನು ಹಿಂದೆ ನಿಂತು ನಗುತ್ತಿದ್ದ. ಕಾಮಾಲೆ ಅವನನ್ನು ಒಯ್ದಿತು. ಗಂಡ ಸತ್ತ ಹೆಣ್ಣು ಹೊಸ್ತಿಲು ದಾಟದ ಆ ಇದ್ದತ್ತಿನ ತಿಂಗಳುಗಳನ್ನು ನೀನು ನನ್ನ ಜೊತೆ ಅದೇ ಅಡುಗೆಮನೆಯಲ್ಲಿ ಕಳೆದೆ. ನೀನಿಲ್ಲದಿದ್ದರೆ ನಾನು ಬದುಕುತ್ತಿರಲಿಲ್ಲ.

ಈಗ ಕೇಳು. ಹೋದ ವಾರ ಬಡಿಗ ಬಾಬಾಜಾನನನ್ನು ಕರೆಸಿ ಬಾಗಿಲು ಅಗಲ ಮಾಡಿಸಿದೆ. ಒಳಗೆ ನಡುವೆ ಒಂದು ಕಂಬ, ಅದಕ್ಕೆ ಎರಡು ದುಂಡು ಹಲಗೆ. ಬೀಸುವ ಕಲ್ಲಿನಂತೆ ತಿರುಗುತ್ತವೆ. ಡಬ್ಬಿ ಹಿಂದಕ್ಕೆ ಬೀಳದಂತೆ ಸುತ್ತ ಅಂಚು ಕಟ್ಟಿದ್ದಾನೆ. ಮೇಲೆ ದಿನದ ಕಡಲೆಹಿಟ್ಟು, ಎಣ್ಣೆ. ಕೆಳಗೆ ರಂಜಾನಿನ ಬೋಗುಣಿಗಳು. ಬೆರಳಿನಿಂದ ದೂಡಿದರೆ ಬೇಕಾದದ್ದು ತಾನಾಗಿ ಮುಂದೆ ಬರುತ್ತದೆ.

ಮೂಲೆ ಖಾಲಿ ಮಾಡುವಾಗ ಹಿಂಬದಿಯಲ್ಲಿ ನಾಸೀರನ ಬುತ್ತಿ ಡಬ್ಬಿಯ ಮುಚ್ಚಳ ಸಿಕ್ಕಿತು. ಬಸ್ಸಿನಲ್ಲಿ ಬಿಟ್ಟು ಬಂದನೆಂದು ನೀನು ಅವನನ್ನು ಬೈದಿದ್ದೆಯಲ್ಲ, ಅದೇ. ಬಾಬಾಜಾನನ ಎದುರಿಗೇ ಕುಳಿತು ಅತ್ತುಬಿಟ್ಟೆ. ಅವನು ಪಾಪ, ಉಳಿ ಕೆಳಗಿಟ್ಟು ಹೊರಗೆ ಹೋಗಿ ನಿಂತ.

ನೀನಿಲ್ಲದೆ ನಡೆಯದು ಎನ್ನುವಂಥ ಕೆಲಸ ಈ ಮನೆಯಲ್ಲಿ ಇನ್ನು ಒಂದೂ ಇಲ್ಲ. ಹೀಗೆ ಬರೆಯಲು ಮನಸ್ಸಿಲ್ಲ, ಆದರೂ ಬರೆಯುತ್ತೇನೆ. ಮಗನನ್ನು ಮಣ್ಣು ಮಾಡಿ ಬಂದೆವು. ನಿನ್ನ ವಯಸ್ಸನ್ನೂ ಅವನ ಜೊತೆ ಮಣ್ಣು ಮಾಡಲಾರೆ. ಅಯಾಜ್ ಹೆಂಡತಿಯನ್ನು ಕಳೆದುಕೊಂಡವನು. ನೀನು ನಾಸೀರನನ್ನು ನೆನೆದು ಅತ್ತರೆ ಯಾಕೆ ಎಂದು ಕೇಳಲಾರ. ಒಪ್ಪಿಕೋ ಬೇಟಾ. ನನ್ನ ಮೊಣಕಾಲು ಈಗ ನೋಯುವುದೇ ಇಲ್ಲ. ಆಣೆ ಮಾತ್ರ ಹಾಕಿಸಬೇಡ.

ನಿನ್ನ ಅತ್ತೆ,
ಹುಸೇನಬಿ

ತಾ.ಕ.: ಇದನ್ನು ಹೇಳಬಾರದೆಂದಿದ್ದೆ. ಅಯಾಜನ ಮನೆಗೆ ಮೊದಲು ಹೋಗಿ ಕೇಳಿದ್ದು ನಿನ್ನ ಅಣ್ಣನಲ್ಲ, ನಾನು. ಹುಡುಗಿಗೆ ನೀವು ಏನಾಗಬೇಕು ಎಂದು ಅವನ ತಾಯಿ ನೂರಜಹಾನ ಕೇಳಿದರು. ಅತ್ತೆ ಎನ್ನಲು ಬಾಯಿ ಬರಲಿಲ್ಲ. "ನಾ ಆಕಿ ತಾಯಿ ಅದೀನ್ರಿ" ಅಂದೆ.